ಪ್ರಮಾಣಪತ್ರದಲ್ಲಿ ಉಳಿದ ಹೆಸರು

ಕಳೆದ ತಿಂಗಳು ಪುಣೆಯ ನಮ್ಮ ಮನೆಗೆ ಹುಬ್ಬಳ್ಳಿ ಮೂಲದ ಹಿರಿಯರೊಬ್ಬರು ಬಂದಿದ್ದರು. ನನ್ನ ತಂದೆಯ ಕಾಲದಿಂದಲೂ ಪರಿಚಿತರಾದ ಅವರನ್ನು ನಾನು ಕಾಕಾ ಎಂದೇ ಕರೆಯುತ್ತೇನೆ. ಊರಿನಲ್ಲಿ ಓದುತ್ತಿರುವ ಮೊಮ್ಮಗಳಿಗೆ ಒಂದು ಅರ್ಜಿ ಬರೆಸಬೇಕಿತ್ತು. ಪ್ಲಾಸ್ಟಿಕ್ ಚೀಲದಿಂದ ಅವಳ ಜಾತಿ ಪ್ರಮಾಣಪತ್ರದ ಝೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟರು. ನಾನು ಓದಿಕೊಂಡು ಬರೆಯುತ್ತಾ ಹೋದಂತೆ, ಜಾತಿಯ ಸಾಲು ಬಂದಾಗ ಅದರ ಮೇಲೆ ಬೆರಳಿಟ್ಟು, "ತಂಗೀ, ಇದೊಂದು ಜೋರಾಗಿ ಓದಬ್ಯಾಡ" ಎಂದರು. ಒಳಗೆ ನನ್ನ ಮಕ್ಕಳು ಆಡುತ್ತಿದ್ದರು.

ಅಲ್ಲಿದ್ದ ಹೆಸರು ಗಂಟಿಚೋರ. ಗಂಟು ಕದಿಯುವವನು ಎಂದು ಅರ್ಥ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಈ ಸಮುದಾಯ ಇಂದಿಗೂ ಇದೇ ಹೆಸರಿನಲ್ಲಿದೆ. ಹೆಸರನ್ನು ಬಿಟ್ಟರೆ ಮೀಸಲಾತಿ ಕೈತಪ್ಪುತ್ತದೆ, ಇಟ್ಟುಕೊಂಡರೆ ಕಾಲೇಜಿನ ಕಿಟಕಿಯಾಚೆ ಕುಳಿತ ಗುಮಾಸ್ತ ಒಮ್ಮೆ ತಲೆಯೆತ್ತಿ ಹುಡುಗಿಯ ಮುಖ ನೋಡುತ್ತಾನೆ. ಓದಿ ಮುಂದೆ ಬರಲೆಂದು ಸರ್ಕಾರ ತೆರೆದ ಬಾಗಿಲನ್ನು ದಾಟಬೇಕಾದರೆ, ತಾನು ಕಳ್ಳರ ಕುಲದವಳೆಂದು ಆ ಮಗು ಪ್ರತಿ ಸಲವೂ ಬರೆದುಕೊಡಬೇಕು.

ಈ ಕಳಂಕಕ್ಕೆ ಕಾನೂನಿನ ಮುದ್ರೆ ಒತ್ತಿದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ಒಬ್ಬ ವ್ಯಕ್ತಿ ಏನು ಮಾಡಿದ ಎಂಬುದನ್ನು ವಿಚಾರಿಸದೆ, ಯಾವ ಸಮುದಾಯದಲ್ಲಿ ಹುಟ್ಟಿದ ಎಂಬುದರ ಮೇಲೆಯೇ ಅವನನ್ನು ಅಪರಾಧಿಯೆಂದು ದಾಖಲಿಸಲು ಅದು ಅವಕಾಶ ಕೊಟ್ಟಿತು. ಮುಂದೆ 1911 ಮತ್ತು 1924ರಲ್ಲಿ ಅದರ ಹಿಡಿತ ಇನ್ನಷ್ಟು ಹರಡಿತು. ಅಲೆದಾಡಿ ಬದುಕುತ್ತಿದ್ದವರನ್ನು ಮುಂಬಯಿ ಪ್ರಾಂತ್ಯದ ಸರ್ಕಾರ ಸೊಲ್ಲಾಪುರ, ವಿಜಯಪುರ, ಗದಗ, ಹುಬ್ಬಳ್ಳಿಗಳ ವಸಾಹತುಗಳಲ್ಲಿ ಕೂಡಿಹಾಕಿತು. ಸಮಯಕ್ಕೆ ಸರಿಯಾಗಿ ಹಾಜರಿ ಕೊಡಬೇಕು, ಹೊರಗೆ ಹೋಗಬೇಕಾದರೆ ಪಾಸು ಬೇಕು, ಗಿರಣಿಯಲ್ಲಿ ದುಡಿಯಬೇಕು. ಹುಬ್ಬಳ್ಳಿಯಲ್ಲಿ ಆ ಜಾಗಕ್ಕೆ ಈಗಲೂ ಸೆಟ್ಲಮೆಂಟ್ ಎಂದೇ ಹೆಸರು. ನಾನೂ ಚಿಕ್ಕಂದಿನಲ್ಲಿ ಆ ಶಬ್ದವನ್ನು ಬಸ್ ನಿಲ್ದಾಣದ ಹೆಸರು ಹೇಳುವಷ್ಟು ಸಹಜವಾಗಿ ಹೇಳುತ್ತಿದ್ದೆ, ಅದರೊಳಗೆ ಏನು ಅಡಗಿದೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಕಾ ಅವರ ತಾಯಿ ಹುಟ್ಟಿದ್ದು ಅಲ್ಲಿ. ಹಾಜರಿಯ ಹೊತ್ತಿಗೆ ಅಪ್ಪನ ಕೈ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಮುಪ್ಪಿನಲ್ಲಿ ಮಗನ ಜೊತೆ ಪುಣೆಯಲ್ಲಿದ್ದಾಗ, ಸಂಜೆ ಹತ್ತಿರದ ಕಾರ್ಖಾನೆಯ ಭೋಂಗಾ ಕೂಗಿದರೆ, ರೊಟ್ಟಿ ಬಡಿಯುತ್ತಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿ, ಹಿಟ್ಟು ಮೆತ್ತಿದ ಅಂಗೈಗಳನ್ನು ಮುಂದಕ್ಕೆ ಹಿಡಿದುಕೊಂಡು ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು. ಯಾರೂ ಹೆಸರು ಕೂಗುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಮತ್ತೆ ಒಲೆಯ ಮುಂದೆ ಕೂರುತ್ತಿದ್ದರು. ಮುಂಬಯಿ ಪ್ರಾಂತ್ಯದಲ್ಲಿ ಆ ಕಾಯಿದೆ 1949ರಲ್ಲೇ ರದ್ದಾಗಿತ್ತು, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು. ಹೀಗೆ ಬಿಡುಗಡೆಯಾದವರನ್ನು ವಿಮುಕ್ತ ಸಮುದಾಯಗಳೆನ್ನುತ್ತಾರೆ, ಮಹಾರಾಷ್ಟ್ರದಲ್ಲಿ ಆಗಸ್ಟ್ 31ನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ.

ಆದರೆ ಬಿಡುಗಡೆಯ ಬೆನ್ನಿಗೇ, ಮತ್ತೆ ಮತ್ತೆ ಅಪರಾಧ ಮಾಡುವವರೆಂದು ದಾಖಲಾದವರ ಮೇಲೆ ನಿಗಾ ಇಡುವ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ಮುಂಬಯಿ ರಾಜ್ಯ 1959ರಲ್ಲಿ ತನ್ನದನ್ನು ಮಾಡಿಕೊಂಡಿತು. ಸಮುದಾಯದ ಹೆಸರು ಕಾನೂನಿನಿಂದ ಹೋಯಿತು, ಪೊಲೀಸರ ಕಣ್ಣು ಮಾತ್ರ ಹಳೆಯ ಗುಡಿಸಲುಗಳ ಮೇಲೆಯೇ ಉಳಿಯಿತು. ಇಂಥ ಕಾಯಿದೆಗಳನ್ನು ತೆಗೆದುಹಾಕಬೇಕೆಂದು ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ 2007ರಲ್ಲಿ ಭಾರತಕ್ಕೆ ಹೇಳಿತು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ಕೊಟ್ಟ ತೀರ್ಪು, ಜೈಲಿನ ದಾಖಲೆಗಳಿಂದ ಜಾತಿಯ ಕಾಲಂ ತೆಗೆಯಲು ಆದೇಶಿಸಿತು, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದೂ ಪೊಲೀಸರಿಗೆ ನೆನಪಿಸಿತು. ಒಬ್ಬ ಹೆಣ್ಣುಮಗಳ ವರದಿಗಾರಿಕೆಯಿಂದ ಇಷ್ಟಾಯಿತು ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಂಥ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡ ದೇಶಗಳಿವೆ. ಕೆನಡಾದಲ್ಲಿ ಮೂಲನಿವಾಸಿಗಳ ಸುಮಾರು 1,50,000 ಮಕ್ಕಳನ್ನು ಮನೆಯವರಿಂದ ಬೇರ್ಪಡಿಸಿ ವಸತಿಶಾಲೆಗಳಿಗೆ ಹಾಕಿದ್ದ ಸರ್ಕಾರ, 2008ರ ಜೂನ್ 11ರಂದು ತನ್ನ ಸಂಸತ್ತಿನಲ್ಲಿ ಪ್ರಧಾನಿಯ ಬಾಯಿಂದ ಕ್ಷಮೆ ಕೇಳಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ತನ್ನ ಮೂಲನಿವಾಸಿಗಳ ಕ್ಷಮೆ ಕೇಳಿತ್ತು. ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ ಬದುಕುಳಿದ ಸಾವಿರಾರು ಜನರ ಮಾತನ್ನು ಕೂತು ಕೇಳಿ, 2015ರಲ್ಲಿ 94 ಕರೆಗಳನ್ನು ಮುಂದಿಟ್ಟಿತು. ಅವೆಲ್ಲ ಈಡೇರಿಲ್ಲ, ಅಲ್ಲಿಯ ಗಾಯವೂ ಮಾಯ್ದಿಲ್ಲ. ಆದರೂ ನಡೆದದ್ದು ಯಾರ ತಪ್ಪು ಎಂಬುದು ಸಂಸತ್ತಿನ ಕಡತದಲ್ಲಿ ಬರೆದಿದೆ. ನಮ್ಮ ಸಂಸತ್ತಿನಲ್ಲಿ ವಿಮುಕ್ತ ಸಮುದಾಯಗಳಿಗಾಗಿ ಅಂಥ ದಿನ ಇನ್ನೂ ಬಂದಿಲ್ಲ. ಆಯೋಗಗಳು ಬಂದವು. ರೇಣಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು, ಅದರ ನಂತರ ಇದಾತೆ ಆಯೋಗ ಬಂತು. 2022ರಲ್ಲಿ 200 ಕೋಟಿ ರೂಪಾಯಿಯ ಯೋಜನೆಯೂ ಬಂತು. ಆದರೆ ತಪ್ಪಾಯಿತು ಎಂಬ ಮಾತು ಬರಲಿಲ್ಲ. ಆ ಮಾತು ಬಂದಿದ್ದರೆ ಕಾಕಾ ನನ್ನ ಮನೆಯಲ್ಲಿ ದನಿ ತಗ್ಗಿಸಬೇಕಾಗಿರಲಿಲ್ಲ ಎಂದು ನಾನು ನಂಬಿದ್ದೇನೆ.

ಸರ್ಕಾರವನ್ನಷ್ಟೇ ದೂರಿ ನಾನು ಸುಮ್ಮನಾಗಲಾರೆ. ಎರಡು ವರ್ಷಗಳ ಹಿಂದೆ ನಮ್ಮ ಸೊಸೈಟಿಯಲ್ಲಿ ಎರಡು ಸೈಕಲ್ಲು ಕಳುವಾದಾಗ, ಹಿಂದಿನ ಮೈದಾನದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ, ಅದೇ ಕಳಂಕ ಹೊತ್ತ ಪಾರಧಿ ಕುಟುಂಬಗಳ ಕಡೆ ಎಲ್ಲರೂ ಬೆರಳು ಮಾಡಿದರು. ನಮ್ಮ ಉತ್ತರ ಕರ್ನಾಟಕದ ಹರಣಶಿಕಾರಿಗಳೇ ಅವರು, ಸಿಗ್ನಲ್ಲಿನಲ್ಲಿ ಹೂವಿನ ಮಾಲೆ ಮಾರುವ ಜನ. ಒಬ್ಬ ಹುಡುಗನನ್ನು ಠಾಣೆಗೆ ಕರೆದೊಯ್ದು ಎರಡು ದಿನ ಕೂರಿಸಿದರು. ಸೈಕಲ್ಲುಗಳು ಆಮೇಲೆ ಬೇರೆಲ್ಲೋ ಸಿಕ್ಕವು. ಆ ದಿನ ನಾನು ಬಾಲ್ಕನಿಯಲ್ಲಿ ನಿಂತು ನೋಡಿದೆ, ಕೆಳಗಿಳಿಯಲಿಲ್ಲ.

ಅಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ "ಪಾರಧಿ ವಸ್ತಿಯ ಮೇಲೆ ವಾಚ್‌ಮನ್ ನಿಗಾ ಇಡತಕ್ಕದ್ದು" ಎಂಬ ಠರಾವು ಮರಾಠಿಯಲ್ಲಿ ಈಗಲೂ ಇದೆ. ಕಾಕಾ ಹೋದ ಮಾರನೆಯ ದಿನ ಆ ಸಾಲನ್ನು ಹೊಡೆದುಹಾಕಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟೆ. ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದಿದ್ದಾರೆ. ಬರುವ ಭಾನುವಾರ ಹನ್ನೊಂದು ಗಂಟೆಗೆ ಆ ಸಭೆಯಿದೆ.