ಬಗ್ಗಿ ಮಾತನಾಡುವ ಕಿಟಕಿ

ಬೆಳಿಗ್ಗೆ ಮನೆ ಕಂದಾಯ ಕಟ್ಟಲು ಹೋಗಿದ್ದೆ.

ಗಾಜಿನ ಕೌಂಟರ್. ಅದರಲ್ಲಿ ಅರ್ಧಚಂದ್ರದಂಥ ಒಂದು ತೂತು, ಸರಿಯಾಗಿ ನನ್ನ ಸೊಂಟದ ಎತ್ತರಕ್ಕೆ. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಗ್ಗುತ್ತಾರೆ, ತೂತಿಗೆ ಮೊದಲು ಬಾಯಿ ಕೊಡುತ್ತಾರೆ, ಆಮೇಲೆ ಕಿವಿ. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದ್ದನ್ನು ಓದಿದವರು ಯಾರೋ ಇಲ್ಲಿ ಗರ್ಭಗುಡಿಯನ್ನೇ ಕಟ್ಟಿಸಿಬಿಟ್ಟಿದ್ದಾರೆ!

ಗೋಡೆಯಲ್ಲಿ, ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಬೇಕೆನ್ನುವ ‘ಸಕಾಲ’ ಕಾಯ್ದೆಯ ಫಲಕವೂ ಇತ್ತು, ಅರ್ಧ ಬೀರುವಿನ ಹಿಂದೆ. ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎನ್ನುತ್ತದೆ 2011ರ ಆ ಕಾಯ್ದೆ. ಕೇಳಿ ಪಡೆದವರನ್ನು ನಾನಂತೂ ಕಂಡಿಲ್ಲ.

ನನ್ನ ಮುಂದಿದ್ದ ಅಜ್ಜಿಗೆ ಬಗ್ಗಲು ಆಗಲಿಲ್ಲ. ಒಳಗಿದ್ದ ಹುಡುಗಿ ಎರಡು ಸಲ “ಏನಮ್ಮಾ?” ಎಂದಳು. ಮೂರನೆಯ ಸಲ ಕೇಳಲಿಲ್ಲ. ಎದ್ದಳು, ಬಾಗಿಲು ತೆಗೆದು ಹೊರಗೇ ಬಂದಳು. “ಕೊಡಿ ಅಜ್ಜಿ, ನೋಡೋಣ.”

ಅಜ್ಜಿ ಎಲೆ ಅಡಿಕೆ ಚೀಲದಿಂದ ನಾಲ್ಕು ಮಡಿಕೆಯ ಹಳೆಯ ರಸೀದಿ ತೆಗೆದರು. ಅದಕ್ಕೂ ಸುಣ್ಣ ಮೆತ್ತಿತ್ತು. ಹುಡುಗಿ ಉಗುರಿನಿಂದ ಸುಣ್ಣ ಕೆರೆದು ಸಂಖ್ಯೆ ಓದಿಕೊಂಡಳು. ಎರಡು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬಾ ಎಂದು ಅವಳಿಗೆ ಯಾವ ಸುತ್ತೋಲೆಯೂ ಹೇಳಿರಲಿಕ್ಕಿಲ್ಲ.

ನನ್ನ ಸರದಿ ಬರುವಷ್ಟರಲ್ಲಿ ಅವಳು ಮತ್ತೆ ಒಳಗಿದ್ದಳು. ನಾನು ಬಗ್ಗಿದೆ.