ಪ್ರಿಕ್ ಅಂದರೆ ಎಷ್ಟು ಆಳ?

14 ನವೆಂಬರ್ 2024, ಗುರುವಾರ

ಇವತ್ತು ವಿಶ್ವ ಮಧುಮೇಹ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ಇದೇ ತಾರೀಖಿನಂದು. ಪಾರ್ಕಿನ ಗೇಟಿನಲ್ಲಿ, ದೇವಸ್ಥಾನದ ಪಕ್ಕದಲ್ಲಿ ಶಾಮಿಯಾನ ಹಾಕಿ ಉಚಿತ ಶುಗರ್ ತಪಾಸಣೆ ನಡೆಯುವ ದಿನ. ಸಾಲಿನಲ್ಲಿ ನಿಂತವರ ಪ್ರಶ್ನೆ ಎಲ್ಲ ಕಡೆಯೂ ಒಂದೇ, "ನೋವಾಗುತ್ತಾ?" ಉತ್ತರವೂ ಒಂದೇ, "ಏನಿಲ್ಲಮ್ಮ, ಇರುವೆ ಕಚ್ಚಿದ ಹಾಗೆ. ಸಣ್ಣ ಪ್ರಿಕ್ ಅಷ್ಟೆ." ಅದೇ ನರ್ಸಮ್ಮ "ಚುಚ್ತೀನಿ" ಅಂದಿದ್ದರೆ ಅರ್ಧ ಜನ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ನಮ್ಮ ಆಸ್ಪತ್ರೆಗಳಲ್ಲಿ ಈ ಇಂಗ್ಲಿಷ್ ಪದ ಗಟ್ಟಿಯಾಗಿ ಕೂತಿರುವುದು ಸುಮ್ಮನೆ ಅಲ್ಲ. 'ಚುಚ್ಚು' ಅಂದಾಗ ಎಷ್ಟು ಆಳ ಅನ್ನುವುದು ಅದರೊಳಗೆ ಇಲ್ಲ. ಸೂಜಿಯೂ ಚುಚ್ಚುತ್ತದೆ, ಚಾಕುವೂ ಚುಚ್ಚುತ್ತದೆ, ಅತ್ತಿಗೆಯ ಮಾತೂ ಚುಚ್ಚುತ್ತದೆ. 'ಪ್ರಿಕ್' ಒಳಗೆ ಮಾತ್ರ ಒಂದು ತಡೆ ಇದೆ: ಮೊನೆ ಒಳಗೆ ಹೋಯಿತು, ಅಲ್ಲಿಗೇ ನಿಂತಿತು.

ಬೆರಳಿನ ವಿಷಯದಲ್ಲಿ ಈ ತಡೆಯನ್ನು ಮಿಲಿಮೀಟರಿನಲ್ಲಿ ಹೇಳಬಹುದು. ದೊಡ್ಡವರ ಬೆರಳಿಗೆ 2.4 ಮಿ.ಮೀ. ದಾಟಬಾರದು. ಆರು ತಿಂಗಳಿನಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ 1.5 ಮಿ.ಮೀ. ಅದಕ್ಕಿಂತ ಒಳಗೆ ಹೋದರೆ ಮೂಳೆ ಹತ್ತಿರ. ಕಿರುಬೆರಳನ್ನು ಬಿಡುವುದೂ ಇದಕ್ಕೇ, ಅಲ್ಲಿ ಮಾಂಸ ತೆಳು. ಹೆಬ್ಬೆರಳಿನಲ್ಲಿ ನಾಡಿ ಬಡಿಯುತ್ತದೆ, ತೋರುಬೆರಳು ಇಡೀ ದಿನ ಕೆಲಸ ಮಾಡುವ ಬೆರಳು. ಉಳಿದದ್ದು ನಡುಬೆರಳು, ಉಂಗುರದ ಬೆರಳು. ಅದರಲ್ಲೂ ತುದಿಯ ನಟ್ಟನಡುವೆ ಬೇಡ, ಸ್ವಲ್ಪ ಪಕ್ಕಕ್ಕೆ. ಬೆರಳಚ್ಚಿನ ಗೆರೆಗಳಿಗೆ ಅಡ್ಡಲಾಗಿ ಚುಚ್ಚಿದರೆ ರಕ್ತ ಗುಂಡಗೆ ಹನಿಯಾಗಿ ನಿಲ್ಲುತ್ತದೆ. ಗೆರೆಯ ಉದ್ದಕ್ಕೆ ಚುಚ್ಚಿದರೆ ಆ ಸಾಲಿನಲ್ಲೇ ಹರಿದುಹೋಗುತ್ತದೆ, ಶುಗರ್ ಯಂತ್ರದ ಸ್ಟ್ರಿಪ್ಪಿಗೆ ಸಿಗುವುದಿಲ್ಲ.

ಮನೆಯಲ್ಲಿ ಬೆರಳು ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನ ಇಟ್ಟುಕೊಂಡವರು ಅದರ ತುದಿಯ ತಿರುಗಣೆಯಲ್ಲಿ ಆಳದ ಅಂಕಿ ಇರುವುದನ್ನು ಗಮನಿಸಿರಬಹುದು. ಕಡಿಮೆ ಅಂಕಿಯಿಂದ ಶುರುಮಾಡಿ, ಹನಿ ಬರದಿದ್ದರೆ ಮಾತ್ರ ಒಂದೊಂದೇ ಮೆಟ್ಟಿಲು ಏರಿಸಬೇಕು. ಅದರೊಳಗೆ ಹಾಕುವ ಪುಟ್ಟ ಸೂಜಿಯ, ಅಂದರೆ ಲ್ಯಾನ್ಸೆಟ್ಟಿನ, ಡಬ್ಬಿಯ ಮೇಲಿನ 28, 30, 33 ಎಂಬ ಗೇಜು ಆಳವಲ್ಲ, ಸೂಜಿಯ ದಪ್ಪ. ಅದೂ ತಿರುಗುಮುರುಗು, ಅಂಕಿ ದೊಡ್ಡದಾದಷ್ಟೂ ಸೂಜಿ ಸಪೂರ. 30 ಗೇಜಿನದು ಸುಮಾರು 0.3 ಮಿ.ಮೀ. ತುಂಬ ಸಪೂರ ತಗೊಂಡು ಹನಿ ಸಾಲದೆ ಮೂರು ಸಲ ಚುಚ್ಚಿಕೊಳ್ಳುವುದಕ್ಕಿಂತ ಒಂದು ಗೇಜು ದಪ್ಪವೇ ವಾಸಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಯಂತ್ರದಲ್ಲಲ್ಲ, ಬೆರಳಲ್ಲಿ. ಬಾಳೆಹಣ್ಣು ಸುಲಿದ ಕೈಯನ್ನು ತೊಳೆಯದೆ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ರಕ್ತದ ಲೆಕ್ಕಕ್ಕೆ ಸೇರುತ್ತದೆ. ಸ್ಪಿರಿಟ್ ಒರೆಸಿ ಒಣಗಲು ಬಿಡದೆ ಚುಚ್ಚಿದರೆ ಸ್ಪಿರಿಟ್ಟೇ ಹನಿಗೆ ಬೆರೆಯುತ್ತದೆ. ಸೋಪು, ಹರಿಯುವ ನೀರು, ಒಣ ಬಟ್ಟೆ, ಇಷ್ಟು ಸಾಕು. ಕೈ ತಣ್ಣಗಿದ್ದರೆ ಬಿಸಿನೀರಲ್ಲಿ ತೊಳೆದು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಬೇಕು. ಹಾಲು ಕರೆದ ಹಾಗೆ ಬೆರಳನ್ನು ಹಿಂಡಬಾರದು. ಹಿಂಡಿದಾಗ ರಕ್ತದ ಜೊತೆ ಅಂಗಾಂಶದ ನೀರೂ ಬಂದು ಹನಿ ತೆಳುವಾಗುತ್ತದೆ. ಕೈ ತೊಳೆಯಲು ನೀರಿಲ್ಲದ ಶಿಬಿರದಲ್ಲಿ ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳುವುದು ಮೇಲು. ಈಗಿನ ಸ್ಟ್ರಿಪ್ಪಿಗೆ ಬೇಕಾದದ್ದು ಒಂದು ಮೈಕ್ರೋಲೀಟರಿಗಿಂತ ಕಡಿಮೆ. ಆದರೂ ಸಾಲದೆಂದು ಅದೇ ಸ್ಟ್ರಿಪ್ಪಿಗೆ ಮತ್ತೊಂದು ಹನಿ ಒತ್ತಿದರೆ ಹಲವು ಯಂತ್ರಗಳಲ್ಲಿ ಬರುವ ಅಂಕಿಯನ್ನು ನಂಬುವಂತಿಲ್ಲ. ಯಂತ್ರವೇ ಸರಿಯಿದ್ದರೂ ಅಂತರರಾಷ್ಟ್ರೀಯ ಮಾನದಂಡ ಅದಕ್ಕೆ 100ರ ಕೆಳಗೆ 15 ಅಂಕಿ, ಮೇಲೆ ಶೇ. 15ರಷ್ಟು ಹಿಂದೆಮುಂದೆ ಬಿಟ್ಟುಕೊಟ್ಟಿದೆ. ನಿನ್ನೆ 142 ಇತ್ತು, ಇವತ್ತು 151 ಆಯ್ತು ಎಂದು ಗಾಬರಿ ಬೀಳುವವರು ಇದನ್ನು ತಿಳಿದಿರಬೇಕು.

ಶಿಬಿರದಲ್ಲಿ ಇನ್ನೊಂದು ಕಣ್ಣಿಡಬೇಕಾದ ಜಾಗ: ಸೂಜಿ ಬದಲಾಯಿಸಿದರೂ ಅದೇ ಪೆನ್ನನ್ನು ಎಲ್ಲರಿಗೂ ಒತ್ತುತ್ತಿದ್ದರೆ ಕೈ ಕೊಡಬೇಡಿ. ಪೆನ್ನಿನ ತುದಿಗೆ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದರೂ ಹೆಪಟೈಟಿಸ್ ಬಿ ದಾಟುತ್ತದೆ. ಶಿಬಿರಕ್ಕೆ ಬೇಕಾದದ್ದು ಒಂದೇ ಸಲ ಚುಚ್ಚಿ ತಾನೇ ಲಾಕ್ ಆಗುವ ಲ್ಯಾನ್ಸೆಟ್.

ಈಗ ಅಲರ್ಜಿ ಕ್ಲಿನಿಕ್ಕಿಗೆ ಬರೋಣ. ಅಲ್ಲೂ 'ಪ್ರಿಕ್ ಟೆಸ್ಟ್' ಅನ್ನುತ್ತಾರೆ, ಆದರೆ ಅಲ್ಲಿ ರಕ್ತ ಬಂದರೆ ತಪ್ಪು! ಮುಂಗೈಯ ಒಳಬದಿಯಲ್ಲಿ ಎರಡು ಸೆಂ.ಮೀ. ಬಿಟ್ಟು ಎರಡು ಸೆಂ.ಮೀ. ಒಂದೊಂದು ಹನಿ ಇಡುತ್ತಾರೆ. ಮನೆ ಧೂಳಿನ ನುಸಿ, ಜಿರಲೆ, ಕಾಂಗ್ರೆಸ್ ಗಿಡದ ಪರಾಗ, ಹೀಗೆ. ಜೊತೆಗೆ ಹೋಲಿಸಿ ನೋಡಲು ಗಂದೆ ಏಳಿಸದ ಒಂದು ಉಪ್ಪುನೀರು, ಗಂದೆ ಏಳಿಸುವ ಒಂದು ಹಿಸ್ಟಮಿನ್. ಒಂದು ಮಿ.ಮೀ. ಮೊನೆಯಿಂದ ಹನಿಯ ಮೂಲಕವೇ ಮೇಲ್ಪದರವನ್ನಷ್ಟೇ ತಾಕಿಸಿ ಎತ್ತಬೇಕು, ಪ್ರತಿ ಹನಿಗೂ ಹೊಸ ಮೊನೆ. 15ರಿಂದ 20 ನಿಮಿಷ ಬಿಟ್ಟು ಗಂದೆಯ ಅಗಲ ಅಳೆಯುತ್ತಾರೆ. ಉಪ್ಪುನೀರಿನ ಗುರುತಿಗಿಂತ 3 ಮಿ.ಮೀ. ಅಥವಾ ಹೆಚ್ಚು ಉಬ್ಬಿದ್ದರೆ ಆ ವಸ್ತುವಿಗೆ ಮೈ ಪ್ರತಿಕ್ರಿಯಿಸುತ್ತಿದೆ ಎಂದು. ಹಿಸ್ಟಮಿನ್ ಇಟ್ಟಲ್ಲೇ ಏನೂ ಏಳದಿದ್ದರೆ ಅಲರ್ಜಿ ಇಲ್ಲ ಎಂದಲ್ಲ. ಹಿಂದಿನ ದಿನ ನೆಗಡಿಗೆಂದು ಸೆಟಿರಿಜಿನ್ ನುಂಗಿ ಬಂದಿದ್ದಾರೆ ಎಂದು ತಿಳಿಯಬೇಕು. ಅಂಥ ಮಾತ್ರೆಗಳನ್ನು ವೈದ್ಯರನ್ನು ಕೇಳಿ ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು. ಉಪ್ಪುನೀರಿಗೂ ಗಂದೆ ಎದ್ದರೆ ಚರ್ಮ ಕೆರೆದರೂ ಉಬ್ಬುವ ಜಾತಿಯದು, ಪರೀಕ್ಷೆ ಅವರಿಗಲ್ಲ.

ಬೆರಳಿನದೂ ಚುಚ್ಚು, ಮುಂಗೈಯದೂ ಚುಚ್ಚು. ಕನ್ನಡದ ಕರಪತ್ರದಲ್ಲಿ ಎರಡನ್ನೂ 'ಚುಚ್ಚು ಪರೀಕ್ಷೆ' ಎಂದು ಬರೆದು ಕೈತೊಳೆದುಕೊಂಡರೆ ಓದುವವರಿಗೆ ಇಂಜೆಕ್ಷನ್ನೇ ಕಣ್ಣಮುಂದೆ ಬರುವುದು. 'ಬೆರಳ ತುದಿಯಿಂದ ಒಂದು ಹನಿ ರಕ್ತ', 'ಚರ್ಮದ ಮೇಲ್ಪದರಕ್ಕೆ ಮೊನೆ ತಾಕಿಸಿ ನೋಡುವ ಪರೀಕ್ಷೆ', ಹೀಗೆ ಬರೆದರೆ ನಾಲ್ಕು ಪದ ಜಾಸ್ತಿಯಾಗಬಹುದು, ಆದರೆ ಆಳ ಗೊತ್ತಾಗುತ್ತದೆ.

ಆಸ್ಪತ್ರೆಯ ಮೂರನೆಯ ಪ್ರಿಕ್ ಯಾರೂ ಬೇಕೆಂದು ಮಾಡಿಕೊಳ್ಳುವುದಲ್ಲ. "ಸಿಸ್ಟರ್‌ಗೆ ಪ್ರಿಕ್ ಆಯ್ತು" ಎಂದರೆ ರೋಗಿಗೆ ಬಳಸಿದ ಸೂಜಿ ಆಕೆಗೆ ತಾಗಿದೆ ಎಂದರ್ಥ. ಇಲ್ಲಿ ಸಣ್ಣದು ಎಂಬ ಭಾವ ಮೋಸ ಮಾಡುತ್ತದೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 30ರವರೆಗೆ, ಸಿ ಸುಮಾರು ಶೇ. 3, ಎಚ್ಐವಿ ಶೇ. 0.3 ಎಂದು ಪಾಠ ಹೇಳುತ್ತಾರೆ. ಥಟ್ಟನೆ ಬೆರಳನ್ನು ಬಾಯಿಗಿಡುವುದು ಹುಟ್ಟುಗುಣ. ಅದನ್ನು ಮಾಡಬಾರದು, ಹಿಂಡಲೂಬಾರದು, ಬ್ಲೀಚ್ ಹಾಕಲೂಬಾರದು. ಸೋಪು ನೀರಲ್ಲಿ ತೊಳೆದು ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್ಐವಿ ತಡೆಯ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ, ಶುರುಮಾಡಿದರೆ 28 ದಿನ. ಇದೆಲ್ಲ ಎಷ್ಟೋ ಸಲ ಆಗುವುದು ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ.

ಪದದ ಹಳೆಯ ಅರ್ಥಕ್ಕೆ ಹೋದರೆ ನೋವೇ ಇಲ್ಲ. ಹಳೆಗಾಲದ ಇಂಗ್ಲಿಷಿನ 'ಪ್ರಿಕ' ಅಂದರೆ ಚುಕ್ಕಿ, ಗುರುತು. ಅದು ಈಗಲೂ ಬದುಕಿರುವ ಒಂದು ಜಾಗ ಇದೆ. ಇಂಗ್ಲೆಂಡಿನ ಬಹುಪಾಲು ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ದೊರೆಯ ಪ್ರತಿನಿಧಿಯಾದ ಹೈ ಶೆರಿಫ್ ಆಗಬಹುದಾದವರ ಹೆಸರುಗಳನ್ನು ವಾಡಿಕೆಯಂತೆ ನವೆಂಬರ್ 12ರಂದು ಲಂಡನ್ನಿನ ನ್ಯಾಯಾಲಯದಲ್ಲಿ ಓದುತ್ತಾರೆ. ಮಾರ್ಚಿನಲ್ಲಿ ದೊರೆ ತೊಗಲಿನ ಸುರುಳಿಯಲ್ಲಿ ಆಯ್ಕೆಯಾದವರ ಹೆಸರಿನ ಪಕ್ಕ ಬೆಳ್ಳಿಯ ದಬ್ಬಳದಿಂದ ತೂತು ಮಾಡುತ್ತಾರೆ. ಅದಕ್ಕೆ 'ಪ್ರಿಕ್ಕಿಂಗ್' ಎಂದೇ ಹೆಸರು. ಮೊದಲನೆಯ ಎಲಿಜಬೆತ್ ಹೊಲಿಗೆ ಹಾಕುತ್ತ ಕೂತಿದ್ದಾಗ ಲೇಖನಿ ಸಿಗದೆ ಹೀಗೆ ಮಾಡಿದಳು ಎಂಬ ಕತೆ ಚೆನ್ನಾಗಿದೆ, ಆದರೆ ಅವಳ ಅಜ್ಜ ಏಳನೆಯ ಹೆನ್ರಿಯ ಕಾಲದ ಸುರುಳಿಯಲ್ಲೇ ತೂತುಗಳಿವೆ. ತೊಗಲಿನ ಮೇಲಿನ ಶಾಯಿಯನ್ನು ಹೆರೆದು ತೆಗೆಯಬಹುದು, ತೂತನ್ನು ತೆಗೆಯಲಾಗದು. ಆಗ ಆ ಹುದ್ದೆಗೆ ಕೈಯಿಂದ ಖರ್ಚು ಹೆಚ್ಚು, ತಪ್ಪಿಸಿಕೊಳ್ಳಲು ಹವಣಿಸುವವರೂ ಇದ್ದರು ಎಂಬುದನ್ನು ನೆನೆದರೆ ದಬ್ಬಳದ ಮಹತ್ವ ತಿಳಿಯುತ್ತದೆ.

ತೂತೇ ಗುರುತಾಗುವ ಕೆಲಸ ನಮ್ಮ ಬೀದಿಯಲ್ಲೂ ಇದೆ. ಬ್ಲೌಸಿಗೆ ಆರಿ ವರ್ಕ್ ಮಾಡುವವರ ಖಾಕಾ ನೋಡಿ. ಟ್ರೇಸಿಂಗ್ ಹಾಳೆಯಲ್ಲಿ ಬಳ್ಳಿ, ಮಾವು, ನವಿಲು ಬರೆದು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಗೆರೆಯ ಮೇಲೆ ಒಂದೆರಡು ಮಿ.ಮೀ.ಗೊಂದು ತೂತು. ಸೂಜಿ ನೆಟ್ಟಗಿರಬೇಕು, ವಾಲಿದರೆ ತೂತು ಉದ್ದವಾಗುತ್ತದೆ. ತೀರ ಹತ್ತಿರವಾದರೆ ಅಂಚೆಚೀಟಿಯಂತೆ ಹಾಳೆ ಹರಿಯುತ್ತದೆ. ಹಿಂಬದಿಯಲ್ಲಿ ಎದ್ದ ಗಡಸನ್ನು ನುಣ್ಣನೆಯ ಉಜ್ಜುಕಾಗದದಿಂದ ಹಗುರಾಗಿ ತೀಡದಿದ್ದರೆ ಪುಡಿ ಇಳಿಯುವುದಿಲ್ಲ. ಆಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ಜಿಂಕ್ ಪುಡಿಯನ್ನು ಬಟ್ಟೆಯುಂಡೆಯಿಂದ ಉಜ್ಜುತ್ತಾರೆ, ತಿಳಿಬಣ್ಣದ ಬಟ್ಟೆಗಾದರೆ ನೀಲಿ ಬೆರೆಸಿ. ಸೀಮೆಎಣ್ಣೆ ಹೆಚ್ಚಾದರೆ ಚುಕ್ಕಿ ಹರಡಿ ಮಸುಕಾಗುತ್ತದೆ. ರೇಷ್ಮೆಯ ಮೇಲಾದರೆ ಮೂಲೆಯಲ್ಲೊಮ್ಮೆ ಒರೆಹಚ್ಚಿ ನೋಡುವುದು ಕ್ಷೇಮ.

ಇನ್ನು ಮಾತಿನ ಅಲಂಕಾರಕ್ಕೆ ಬಂದರೆ ಪತ್ರಿಕೆಗಳ ಅನುವಾದ ಎಡವುವುದು 'ಪಿನ್‌ಪ್ರಿಕ್' ಬಂದಾಗ. 2013ರ ಸೆಪ್ಟೆಂಬರ್ 10ರಂದು ಸಿರಿಯಾ ಕುರಿತ ಭಾಷಣದಲ್ಲಿ ಒಬಾಮಾ, ಅಮೆರಿಕದ ಸೈನ್ಯ ಪಿನ್‌ಪ್ರಿಕ್ ಮಾಡುವುದಿಲ್ಲ ಎಂದರು. ಹೊಡೆದರೆ ಬಲವಾಗಿಯೇ ಹೊಡೆಯುತ್ತೇವೆ ಎಂಬುದು ಅದರ ತಾತ್ಪರ್ಯ. 'ಸೂಜಿ ಚುಚ್ಚುವಂಥ ದಾಳಿ' ಎಂದು ಕನ್ನಡಿಸಿದರೆ ಅರ್ಥ ಪೂರ್ತಿ ಉಲ್ಟಾ. ಸೂಜಿ ಎಂದರೆ ನಮಗೆ ಗುರಿ ತಪ್ಪದ್ದು, ಚುಚ್ಚಿದರೆ ನೋಯುವಂಥದ್ದು. ಚಿಕ್ಕದು ಎನ್ನಲು ನಮಗೆ ಬೇಕಾದದ್ದು ಚುಚ್ಚಲ್ಲ, ಮೊನೆ. ಸೂಜಿಯ ಮೊನೆಯಷ್ಟೂ ನೆಲ ಕೊಡೆನೆಂದ ದುರ್ಯೋಧನನಿಂದ ಹಿಡಿದು ಕನ್ನಡದಲ್ಲಿ ಅಲ್ಪತನ ಇರುವುದು ಮೊನೆಯಲ್ಲಿ, ನೋವು ಇರುವುದು ಚುಚ್ಚಿನಲ್ಲಿ. ಇಂಗ್ಲಿಷಿನವರು ಎರಡನ್ನೂ ಒಂದೇ ಪದಕ್ಕೆ ಕಟ್ಟಿದ್ದಾರೆ, ನಾವು ಬಿಡಿಸಿ ಒಂದನ್ನು ಆರಿಸಿಕೊಳ್ಳಬೇಕು. ಒಬಾಮಾ ಮಾತಿಗೆ 'ಸುಮ್ಮನೆ ಚಿವುಟಿ ಬರುವ ಸೈನ್ಯವಲ್ಲ ನಮ್ಮದು' ಹತ್ತಿರವಾದೀತು.

ಮನಸ್ಸಾಕ್ಷಿಯ ಪ್ರಿಕ್ ಅಷ್ಟು ಕಷ್ಟವಲ್ಲ. ಚುಚ್ಚುತ್ತದೆ ಎಂದರೆ ಸ್ವಲ್ಪ ಭಾರ, ಕುಟುಕುತ್ತದೆ ಎಂದರೆ ಸರಿಯಾದ ತೂಕ. ಕಣ್ಣಂಚಿನಲ್ಲಿ ನೀರು ಪ್ರಿಕ್ ಆದರೆ ಕಣ್ಣು ಚುರುಗುಟ್ಟುತ್ತದೆ. ನಾಯಿ ಕಿವಿ ಪ್ರಿಕ್ ಮಾಡಿದರೆ ಕಿವಿ ನಿಮಿರಿಸುತ್ತದೆ. ಜಂಭದ ಗುಳ್ಳೆಯನ್ನು ಪ್ರಿಕ್ ಮಾಡುವುದಕ್ಕೆ ನಮ್ಮಲ್ಲಿ ಇನ್ನೂ ಚೆನ್ನಾದ ಮಾತಿದೆ, ಗಾಳಿ ತೆಗೆಯುವುದು. ಇಲ್ಲವೇ ಪಂಚರ್ ಮಾಡುವುದು. ಇದೂ ಇಂಗ್ಲಿಷಿನದೇ, ಆದರೆ ಸೈಕಲ್ ಅಂಗಡಿಯಿಂದ ಬಂದು ಎಷ್ಟು ನಮ್ಮದಾಯಿತೆಂದರೆ ಮೂರು ಮಹಡಿ ಹತ್ತಿದವರೂ "ನಾನು ಪಂಚರ್" ಎಂದು ಕೂತುಬಿಡುತ್ತಾರೆ.

1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಪ್ರಿಕ್ಕುಗಳನ್ನು ಒದೆಯುವ ಮಾತೊಂದು ಬರುತ್ತದೆ. ಅಲ್ಲಿ ಪ್ರಿಕ್ ಎಂದರೆ ಉಳುವ ಎತ್ತಿಗೆ ಹಿಂದಿನಿಂದ ತಿವಿಯುವ ಮುಳ್ಳುಗೋಲು. ಎತ್ತು ಸಿಟ್ಟಿಗೆದ್ದು ಒದೆದರೆ ಮುಳ್ಳು ಇನ್ನೂ ಒಳಗೆ ಹೋಗುತ್ತದೆ. ಇದನ್ನು ಕನ್ನಡದಲ್ಲಿ ಬಂಡೆಗೆ ತಲೆ ಚಚ್ಚಿಕೊಂಡಂತೆ ಎನ್ನುವವರಿದ್ದಾರೆ. ಬಂಡೆ ಯಾರನ್ನೂ ಮುಂದಕ್ಕೆ ನಡೆಸುವುದಿಲ್ಲವಲ್ಲ, ಮುಳ್ಳುಗೋಲೇ ಇರಲಿ. ಹೊಸ ಇಂಗ್ಲಿಷ್ ಅನುವಾದಗಳು ಆ ಜಾಗದಲ್ಲಿ ಪ್ರಿಕ್ ಬಿಟ್ಟು ಮುಳ್ಳುಗೋಲಿಗೆ ಇರುವ ಬೇರೆ ಪದವನ್ನೇ ಹಾಕಿಕೊಂಡಿವೆ. ಈಗ ಗಂಡಸರಿಗೆ ಬಳಸುವ ಒಂದು ಕೊಳಕು ಬೈಗುಳವೂ ಇದೇ ಪದ. ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬ ಇನ್ನೊಬ್ಬನನ್ನು ಹಾಗೆ ಕರೆದರೆ ಅಲ್ಲಿ ಸೂಜಿ ಹುಡುಕಬೇಡಿ.

ಕೊನೆಗೆ ತೋಟದ ಪುಸ್ತಕಗಳ 'ಪ್ರಿಕ್ ಔಟ್'. ಇದನ್ನು 'ಸಸಿಗಳನ್ನು ಚುಚ್ಚಿ ಹೊರತೆಗೆಯಿರಿ' ಎಂದು ಮಾಡಿದರೆ ಸಸಿಯ ಗತಿ ಮುಗಿಯಿತು. ಒತ್ತಾಗಿ ಎದ್ದ ಮೊಳಕೆಗಳಲ್ಲಿ ಬೀಜದೆಲೆ ಬಿಟ್ಟು ಮೊದಲ ನಿಜವಾದ ಎಲೆ ಮೂಡಿದಾಗ, ಚೂಪು ಕಡ್ಡಿಯಿಂದ ಬೇರಿನ ಕೆಳಗೆ ಮೀಟಿ, ಒಂದೊಂದನ್ನೇ ಬಿಡಿಸಿ ಬೇರೆ ಕುಳಿಗೆ ಇಡುವ ಕೆಲಸ ಅದು. ಹಿಡಿಯಬೇಕಾದದ್ದು ಎಲೆಯನ್ನು, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಾದರೆ ಅಷ್ಟೆ. ಕಡ್ಡಿಯಿಂದ ಮಾಡಿದ ಕುಳಿಯಲ್ಲಿ ಬೀಜದೆಲೆಯ ಬುಡದವರೆಗೆ ಇಳಿಸಿ ಪಕ್ಕದ ಮಣ್ಣನ್ನು ಹಗುರಾಗಿ ಒತ್ತಿ, ಎರಡು ದಿನ ನೆರಳು. ನಮ್ಮ ಟೊಮೆಟೊ, ಮೆಣಸಿನಕಾಯಿ ನರ್ಸರಿಗಳಲ್ಲಿ ಇದಕ್ಕೆ ಕನ್ನಡ ಪದ ಹುಡುಕುವ ತಾಪತ್ರಯವೇ ಇಲ್ಲ. 98 ಕುಳಿಯ ಪ್ರೊ-ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಕುಳಿಗೊಂದೇ ಬೀಜ ಹಾಕುತ್ತಾರೆ.