ತಪ್ಪು ತಿಳ್ಕೋಬೇಡಿ ಟೀಚರ್

ಪ್ರಶ್ನೆ ಇದು: "ತಪ್ಪು ತಿಳ್ಕೋಬೇಡಿ ಟೀಚರ್, ಸರ್ಕಾರಿ ಶಾಲೆ ಹಾಳಾಗಿದ್ದು ನಿಮ್ಮ ಶಿಕ್ಷಕರ ಸಂಘದಿಂದಲೇ ಅಲ್ವಾ? ಪ್ರೈವೇಟ್‌ನವರ ಜೊತೆ ಸರಿಯಾಗಿ ಸ್ಪರ್ಧೆಗೆ ಬಿಟ್ಟರೆ ನೀವೂ ದಾರಿಗೆ ಬರ್ತೀರಿ." ಸೋಮವಾರಪೇಟೆ ಸಂತೆಯಲ್ಲಿ ಕೇಳಿದ್ದಾರೆ, ಬ್ಯಾಂಕಿನ ಕ್ಯೂನಲ್ಲಿ ಕೇಳಿದ್ದಾರೆ, ಹಲ್ಲು ಕೀಳಿಸಿಕೊಳ್ಳಲು ಹೋದಾಗ ಡಾಕ್ಟರೂ ಕೇಳಿದ್ದಾರೆ. ನನ್ನ ಬಾಯಲ್ಲಿ ಹತ್ತಿ ಇತ್ತು, ಹಾಗಾಗಿ ವಾದದಲ್ಲಿ ಅವರೇ ಗೆದ್ದರು. ಇನ್ನು ಬಾಯಿಬಿಟ್ಟು ಹೇಳುವ ಹುಮ್ಮಸ್ಸಿಲ್ಲ. ಓದಿಕೊಳ್ಳಿ.

ಮೊದಲನೆಯದಾಗಿ, ತಪ್ಪು ತಿಳಿದುಕೊಂಡೇ ಇದ್ದೇನೆ.

ಗೋಣಿಕೊಪ್ಪಲಿನ ಒಂದು ಮದುವೆಯಲ್ಲಿ ಕಾಫಿ ಬೆಳೆಗಾರರೊಬ್ಬರು ಕಡಂಬುಟ್ಟು ಮುರಿಯುತ್ತಾ ನನಗೆ ಅರ್ಥಶಾಸ್ತ್ರ ಹೇಳಿಕೊಟ್ಟರು. "ಪೂಲಿಂಗ್ ಇದ್ದಾಗ ನಮ್ಮ ಕಥೆ ಎಂತ ಇತ್ತು? ಬೆಳೆದದ್ದೆಲ್ಲ ಕಾಫಿ ಬೋರ್ಡಿಗೆ ಕೊಟ್ಟು ಕಂತಿನ ದುಡ್ಡಿಗೆ ಕಾಯೋದು. ತೊಂಬತ್ತರ ದಶಕದಲ್ಲಿ ಮುಕ್ತ ಮಾರಾಟ ಬಂತು, ಬೆಳೆಗಾರ ಉಳಿದ. ಶಾಲೆಗೂ ಅದೇ ಮದ್ದು." ಪೂಲಿಂಗ್ ಕಥೆ ನಿಜ. ಆದರೆ ಬೆಳೆಗಾರರಿಗೂ ಸಂಘವಿದೆ. ಬೆಲೆ ಬಿದ್ದಾಗ, ತೋಟಕ್ಕೆ ಆನೆ ನುಗ್ಗಿದಾಗ ಅವರೂ ಮಡಿಕೇರಿಗೆ ಹೋಗಿ ಧರಣಿ ಕೂರುತ್ತಾರೆ. ಅದರಿಂದ ಕಾಫಿ ಕೆಟ್ಟಿತು ಎಂದು ನಾನು ಯಾರ ಮದುವೆಯಲ್ಲೂ ಹೇಳಿಲ್ಲ. ಮಕ್ಕಳನ್ನು ಕಾಫಿ ಬೀಜಕ್ಕೆ ಹೋಲಿಸಿದರೆ ಮುಂದಿನದು ಗ್ರೇಡಿಂಗ್. ಎಲ್‌ಕೆಜಿ ಸೀಟಿಗೆ ಅಪ್ಪ ಅಮ್ಮನ ಇಂಟರ್‌ವ್ಯೂ ಮಾಡುವ ಶಾಲೆಗಳು ಮಾಡುವುದೂ ಅದನ್ನೇ.

ಸಂಘದ ವಿಷಯ. ಹೌದು, ನಾನು ಸದಸ್ಯೆ, ಸಂಬಳದಲ್ಲೇ ಚಂದಾ ಹೋಗುತ್ತದೆ. ವರ್ಗಾವಣೆ ಕೌನ್ಸೆಲಿಂಗ್ ಬಂದರೆ ನಮ್ಮವರು ಮೈಕೊಡವಿ ಏಳುತ್ತಾರೆ. ಮೂರನೇ ಕ್ಲಾಸಿನ ಮಗುವಿಗೆ ಓದಲು ಬರುವುದಿಲ್ಲ ಎಂದು ಧರಣಿ ಕೂತದ್ದನ್ನು ಮಾತ್ರ ನಾನು ಕಂಡಿಲ್ಲ. ಅದಕ್ಕೆ ಬೈಯಿರಿ, ಜೊತೆಗೆ ನಾನೂ ಬೈಯುತ್ತೇನೆ. ಆದರೆ ಪಾಠ ಕೆಡಿಸಿದ್ದು ಮುಷ್ಕರ ಎನ್ನಬೇಡಿ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರೆಲ್ಲ ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಇಳಿದರು. ಸರ್ಕಾರ ಶೇ 17 ಮಧ್ಯಂತರ ಪರಿಹಾರ ಕೊಟ್ಟಿತು, ಅನಿರ್ದಿಷ್ಟಾವಧಿ ಅದೇ ದಿನ ಮುಗಿಯಿತು. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನು ಮನೆಮನೆಗೆ ಅಟ್ಟಿದಾಗ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ದಸರಾ ರಜೆ 18ರವರೆಗೆ ಹಿಗ್ಗಿತು. ನೀವೇ ಲೆಕ್ಕ ಹಾಕಿ. ಇನ್ನು ನಮ್ಮ "ರಾಜಕೀಯ ಬಲ": ವಿಧಾನ ಪರಿಷತ್ತಿನ ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ ಕೊಡಗೂ ಸೇರಿದೆ, ಆದರೆ ಸಂವಿಧಾನ ಅಲ್ಲಿ ಓಟು ಕೊಟ್ಟಿರುವುದು ಹೈಸ್ಕೂಲು ಮತ್ತು ಅದಕ್ಕೆ ಮೇಲಿನವರಿಗೆ. ಪ್ರೈಮರಿ ಟೀಚರಿಗೆ ಇಲ್ಲ.

ನನ್ನ ಮಗಳು ಎಲ್ಲಿ ಓದಿದಳು ಎಂದು ಕೇಳುವವರಿಗೆ: ಏಳನೇವರೆಗೆ ನಮ್ಮಲ್ಲೇ, ಆಮೇಲೆ ಖಾಸಗಿ ಹೈಸ್ಕೂಲು. ಗೊತ್ತು, ಗೊತ್ತು. ಮುಂದೆ ಹೋಗೋಣ.

ಯಾರಾದರೂ ನನ್ನನ್ನು ಬೇರೆ ಒಂದು ಕೇಳಬಹುದಿತ್ತು: ಸರ್ಕಾರಿ ಮೇಷ್ಟ್ರುಗಳಿಗೆ ಪಾಠದ ಹುಚ್ಚು ಹಿಡಿದದ್ದು ಯಾವಾಗ? ಪಕ್ಕದ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು, ಹಾಡು ಕಟ್ಟಿ, ಆಡಿಸುತ್ತಾ ಕಲಿಸುವ ನಲಿ-ಕಲಿ ಪದ್ಧತಿ ಶುರು ಮಾಡಿದರು. ಅವರನ್ನು ಯಾವ ಖಾಸಗಿ ಶಾಲೆಯೂ ಹೆದರಿಸಿರಲಿಲ್ಲ. 2009ರಲ್ಲಿ ಅದೇ ನಲಿ-ಕಲಿ ಆದೇಶದ ರೂಪದಲ್ಲಿ ಇಡೀ ರಾಜ್ಯಕ್ಕೆ ಬಂತು. ಕಾರ್ಡುಗಳೆಲ್ಲ ಬಂದವು, ಹುಚ್ಚು ಬರಲಿಲ್ಲ.

ಸ್ಪರ್ಧೆ ಬೇಕು ಅನ್ನುತ್ತೀರಿ. ಅದು ಬಂದು ಎಷ್ಟು ಕಾಲವಾಯಿತು ಸ್ವಾಮಿ, ದಿನಾ ಬೆಳಗ್ಗೆ ಹಳದಿ ವ್ಯಾನಿನಲ್ಲಿ ಬರುತ್ತದೆ. ನಮ್ಮ ಶಾಲೆಯಲ್ಲಿ ಅದು ಕಲಿಕೆ ಹೆಚ್ಚಿಸಲಿಲ್ಲ, ಜಗಳ ಕಡಿಮೆ ಮಾಡಿತು. ಟೀಚರ್ ತಡವಾಗಿ ಬಂದರೆ ಗೇಟಿನಲ್ಲಿ ನಿಂತು ದಬಾಯಿಸುವ ಅಪ್ಪಂದಿರು ಮೊದಲು ಇದ್ದರು. ಅವರ ಮಕ್ಕಳೇ ಮೊದಲು ವ್ಯಾನ್ ಹತ್ತಿದ್ದು. ಈಗ ಇರುವವರು ತೋಟದ ಕೂಲಿಗಳ ಲೈನ್‌ಮನೆಯ ಮಕ್ಕಳು, ಇಲ್ಲಿನ ಆದಿವಾಸಿ ಎರವರ ಮಕ್ಕಳು, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ಅವರ ಅಪ್ಪ ಅಮ್ಮ ನನ್ನನ್ನು ಬೈಯಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಮಕ್ಕಳ ಸಂಖ್ಯೆ ಇಳಿದರೆ "ಹೆಚ್ಚುವರಿ" ಎಂದು ಶಿಕ್ಷಕರನ್ನೂ ಎತ್ತುತ್ತಾರೆ, ಆಗ ಒಬ್ಬರಿಗೇ ಐದು ತರಗತಿ. ಸೋತವನ ಕೈಯಿಂದ ಬ್ಯಾಟನ್ನೂ ಕಿತ್ತುಕೊಂಡು ಆಡು ಅನ್ನುವ ಸ್ಪರ್ಧೆ ಇದು.

ಇದು ನನ್ನ ಗೊಣಗಾಟ ಮಾತ್ರ ಅಲ್ಲ. 2008ರಿಂದ ಆಂಧ್ರದ 180 ಹಳ್ಳಿಗಳಲ್ಲಿ ಸಂಶೋಧಕರು ಲಾಟರಿ ಎತ್ತಿ, ಗೆದ್ದ ಮಕ್ಕಳ ಫೀಸು ಕಟ್ಟಿ ಖಾಸಗಿ ಶಾಲೆಗೆ ಕಳಿಸಿ ನೋಡಿದರು. ನಾಲ್ಕು ವರ್ಷ ಕಳೆದರೂ ತೆಲುಗು, ಗಣಿತದಲ್ಲಿ ಅವರು ಸರ್ಕಾರಿ ಶಾಲೆಯಲ್ಲೇ ಉಳಿದವರಿಗಿಂತ ಮೇಲಾಗಿರಲಿಲ್ಲ. ಹಿಂದಿ ಮಾತ್ರ ಚೆನ್ನಾಗಿ ಬಂತು. ಉಳಿದವರ ಕಲಿಕೆಯೂ ಏರಲಿಲ್ಲ, ಇಳಿಯಲೂ ಇಲ್ಲ. ಖಾಸಗಿಯವರು ಅಷ್ಟನ್ನೇ ಕಡಿಮೆ ಖರ್ಚಿನಲ್ಲಿ ಮಾಡಿದರು, ಅದನ್ನು ಒಪ್ಪಲೇಬೇಕು. ಅಲ್ಲಿನ ಟೀಚರುಗಳ ಸಂಬಳ ಎಷ್ಟು ಎಂದು ಅವರನ್ನೇ ಕೇಳಿ.

ನಮ್ಮ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಸಮಿತಿಯಲ್ಲಿ, ಪೋಷಕರ ಒಂದು ಸ್ಥಾನ ಖಾಲಿ ಇದೆ. ಸಭೆಯಲ್ಲಿ ನನ್ನನ್ನೂ ಸಂಘವನ್ನೂ ಮನಸಾರೆ ಬೈಯಬಹುದು, ಬೈದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ಷರತ್ತು ಒಂದೇ: ನಿಮ್ಮ ಮಗು ನಮ್ಮಲ್ಲಿ ಓದುತ್ತಿರಬೇಕು.